ಲೂಸಿಬಾಯಿಯ ಬಾಚಣಿಗೆ

ಇಂಥದ್ದನ್ನು ಯಾರಾದರೂ ಹೇಳಿದರೆ, "ನೀವು ಸರಿಯಾಗಿ ನೋಡಿರಲಿಕ್ಕಿಲ್ಲ" ಎಂದು ನಗುತ್ತಿದ್ದವನು ನಾನು. ಭೌತಶಾಸ್ತ್ರ ಓದಿದವನಿಗೆ ಅದು ಸುಲಭ. ಈಗ ಅದೇ ಮಾತನ್ನು ನನಗೇ ಹೇಳಿಕೊಂಡರೂ ಸಮಾಧಾನವಿಲ್ಲ.

ಅರವತ್ತರ ದಶಕದಲ್ಲಿ ಮಣಿಪಾಲದಲ್ಲಿ ಪಾಠ ಹೇಳುತ್ತಿದ್ದೆ. ಕಾರ್ಕಳದ ಅಂತೋನಿ ಪೊರ್ಬುಗಳು ತೀರಿಕೊಂಡ ಮೇಲೆ, ಅವರ ಎರಡು ಸೀಟಿನ ಇಂಗ್ಲಿಷ್ ಸ್ಪೋರ್ಟ್ಸ್ ಕಾರನ್ನು ಅವರ ಹೆಂಡತಿ ಲೂಸಿಬಾಯಿಯಿಂದ ಕೊಂಡೆ. ಬಿಡಿಭಾಗಗಳು ಸಿಗದ ಕಾಲ; ಹಾಳಾದದ್ದನ್ನೆಲ್ಲ ಪೊರ್ಬುಗಳು ಕೈಯಲ್ಲೇ ಮಾಡಿ ಹಾಕಿದ್ದರು. ಗೇರ್ ಬದಲಿಸುವ ಹಿಡಿ ತೆಂಗಿನ ಗೆರಟೆಯದು. ಎಂಜಿನಿಗೆ ಕಿಡಿ ಹಂಚುವ ರೋಟರನ್ನಂತೂ ಕೋಣದ ಕೊಂಬಿನಿಂದ ಮಾಡಿದ ಹೆಂಡತಿಯ ಬಾಚಣಿಗೆಯ ದಪ್ಪ ಹಿಡಿ ಕತ್ತರಿಸಿ, ತುದಿಗೆ ಹಿತ್ತಾಳೆ ಕೂರಿಸಿ ಮಾಡಿದ್ದರು. ಅದಕ್ಕಾಗಿ ಗಂಡನೊಡನೆ ಮಾತು ಬಿಟ್ಟಿದ್ದೆನೆಂದು ಲೂಸಿಬಾಯಿ ನಗುತ್ತ ಹೇಳಿದ್ದರು.

ನನಗೆ ಕೊಂಬಿನ ಮೇಲೆ ನಂಬಿಕೆಯಿರಲಿಲ್ಲ. ಬೊಂಬಾಯಿಯಿಂದ ಅಸಲಿ ರೋಟರ್ ತರಿಸಿ ಹಾಕಿದೆ. ಹಳೆಯದನ್ನು ನೆನಪಿಗಿರಲೆಂದು ಲೂಸಿಬಾಯಿಗೆ ಕೊಟ್ಟುಬಂದೆ. ಅವರು ಅದನ್ನು ಶಿಲುಬೆಯ ಕೆಳಗಿಟ್ಟದ್ದನ್ನು ನೋಡಿದ್ದೇನೆ.

ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ಕಾಪುವಿನ ತವರಿನಲ್ಲಿದ್ದಳು. ನಾನು ಅಲ್ಲಿಗೆ ಹೋಗಿದ್ದ ಒಂದು ಸಂಜೆ ನೋವು ಬಂತು. ಮಗು ಅಡ್ಡವಾಗಿದೆ, ಆಸ್ಪತ್ರೆಗೆ ಬೇಗ ಮುಟ್ಟಿಸಿ ಎಂದಳು ಸೂಲಗಿತ್ತಿ. ಉಡುಪಿಗೆ ಹೊರಟೆವು. ಕಟಪಾಡಿ ದಾಟಿದ ಮೇಲೆ ಕಾರು ನಿಂತಿತು. ಮುಚ್ಚಳ ತೆಗೆದರೆ ಅಸಲಿ ರೋಟರ್ ಎರಡು ಹೋಳು. ರಸ್ತೆಯಲ್ಲಿ ಒಂದು ಎತ್ತಿನ ಗಾಡಿಯೂ ಇರಲಿಲ್ಲ.

"ನಿಮ್ಮ ಬೊಂಬಾಯಿಯದ್ದು ಇಷ್ಟೆಯಾ ಮಾರಾಯ್ರೆ?" ಎಂದಳು ಹೆಂಡತಿ ಹಲ್ಲು ಕಚ್ಚಿ. ಮತ್ತೆ, "ಇದು ಎಂತ, ಚುಚ್ಚುತ್ತಾ ಉಂಟು" ಎಂದು ಸೀಟಿನ ಸಂದಿಯಿಂದ ಏನನ್ನೋ ತೆಗೆದುಕೊಟ್ಟಳು.

ಕೊಂಬಿನ ರೋಟರ್. ತಲೆಯೆಣ್ಣೆಯ ವಾಸನೆ ಬರುತ್ತಿತ್ತು. ಯೋಚಿಸಲು ಹೊತ್ತಿರಲಿಲ್ಲ, ಕೂರಿಸಿದೆ, ಕಾರು ಹೊರಟಿತು. ಮಗಳು ಹುಟ್ಟಿದಳು. ಇಬ್ಬರೂ ಉಳಿದರು.

ಪೊರ್ಬುಗಳು ಎರಡು ಮಾಡಿರಬೇಕು ಎಂದುಕೊಂಡು, ಕಾರಿನದನ್ನು ಬಿಚ್ಚಿಕೊಂಡು ಕಾರ್ಕಳದ ಬಸ್ಸು ಹತ್ತಿದೆ. ಲೂಸಿಬಾಯಿ ಶಿಲುಬೆಯ ಕೆಳಗಿನಿಂದ ನಾನು ಕೊಟ್ಟದ್ದನ್ನು ತಂದರು, ಹಿಡಿ ಕತ್ತರಿಸಿದ ಬಾಚಣಿಗೆಯನ್ನೂ. ಎರಡು ರೋಟರುಗಳಲ್ಲೂ ಅರದ ಗೆರೆಗಳು ಅದೇ ಜಾಗದಲ್ಲಿದ್ದವು. ಹಿಡಿಯಿಂದ ಹೋದದ್ದು ಒಂದಕ್ಕೆ ಸಾಲುವಷ್ಟೇ ಕೊಂಬು.

ಅವರು ಎರಡನ್ನೂ ಅಂಗೈಯಲ್ಲಿ ಹೊರಳಿಸಿ, ಒಂದನ್ನು ನನಗೆ ಕೊಟ್ಟರು. "ಹಾಕಿಕೊಳ್ಳಿ ಮಾಸ್ಟ್ರೆ. ಮನೆಯಲ್ಲಿ ಮಗು ಉಂಟಲ್ವಾ? ದಾರಿಯಲ್ಲಿ ಕಾರು ನಿಂತರೆ ನಮ್ಮ ಯಜಮಾನರಿಗೆ ಆಗುತ್ತಿರಲಿಲ್ಲ."

ಸೀಟಿನಿಂದ ಏನನ್ನೂ ತೆಗೆದುಕೊಟ್ಟ ನೆನಪಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ. ನೋವಿನಲ್ಲಿದ್ದ ಅವಳನ್ನು ನಂಬಲೇ, ಗಾಬರಿಯಲ್ಲಿದ್ದ ನನ್ನನ್ನೇ? ಕೆಲವು ವರ್ಷಗಳ ನಂತರ ಕಾರು ಮಾರುವಾಗ ಆ ರೋಟರನ್ನು ಬಿಚ್ಚಿಕೊಳ್ಳಲು ಮನಸ್ಸಾಗಲಿಲ್ಲ. ಇದನ್ನು ಮಾತ್ರ ಬದಲಾಯಿಸಬೇಡಿ ಎಂದೆ. ಯಾಕೆ ಎಂದು ಕೊಂಡವನು ಕೇಳಿದ. ದಾರಿಯಲ್ಲಿ ನಿಲ್ಲುವುದಿಲ್ಲ ಎಂದು ಹೇಳಿ ಬೀಗದಕೈ ಕೊಟ್ಟೆ.