ಮಗ್ಗದ ಸದ್ದಿಗೆ ಮಲಗುವ ಬಾಲವಾಡಿ

ನಾನು ಚಿಕ್ಕೋಡಿಯವಳು. ಮದುವೆಯಾಗಿ ಇಚಲಕರಂಜಿಗೆ ಬಂದು, ಅಕ್ಕೂತಾಯಿ ಬಿರಂಜೆಯವರ ಬಾಲವಾಡಿಯಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿದೆ. ಊರಿನವರು ಈಗಲೂ ನನ್ನನ್ನು ಖಿಚಡಿ ಗಂಗವ್ವ ಎಂದೇ ಕರೆಯುತ್ತಾರೆ.

ಅಕ್ಕೂತಾಯಿ ಟೀಚರ್ ತರಬೇತಿ ಪಡೆದವರಲ್ಲ. ನೇಮಿನಾಥ ಚೌಗುಲೆ ಎಂಬ ಶೇಠರ ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುತ್ತಿದ್ದರು. ಅಲ್ಲಿ ದುಡಿಯುವ ಹೆಂಗಸರು ಕೂಸುಗಳನ್ನು ಹಳೆ ಸೀರೆಯ ತುಂಡಿನಿಂದ ಕಂಬಕ್ಕೆ ಕಟ್ಟಿ ಕೆಲಸಕ್ಕೆ ನಿಲ್ಲುತ್ತಿದ್ದರು. ಒಂದು ದಿನ ಕೂಸೊಂದು ಗಂಟು ಬಿಚ್ಚಿಕೊಂಡು ಅಂಬೆಗಾಲಿಡುತ್ತ ಬಂದು, ಓಡುತ್ತಿದ್ದ ಮಗ್ಗದ ಪಟ್ಟಿಯ ಹತ್ತಿರ ಕೈ ಚಾಚಿತು. ಅಕ್ಕೂತಾಯಿ ಹಾರಿ ಹಿಡಿದರು. ಮರುದಿನವೇ ಹದಿನಾಲ್ಕು ಮಕ್ಕಳನ್ನು ಶೆಡ್ಡಿನ ಹಿಂದಿನ ನೂಲಿನ ಕೋಣೆಗೆ ಸೇರಿಸಿ ಬಾಗಿಲು ಹಾಕಿಕೊಂಡರು. ಯಾರನ್ನೂ ಕೇಳಲಿಲ್ಲ. ಬಾಲವಾಡಿ ಶುರುವಾದದ್ದು ಹಾಗೆ.

ಗೋಡೆಯಾಚೆ ನಲವತ್ತು ಮಗ್ಗ. ಅಕ್ಕೂತಾಯಿ ಕತೆಯನ್ನು ಕೂಗಿ ಹೇಳುತ್ತಿದ್ದರು, ಮಕ್ಕಳು ಹಾಡನ್ನು ಕೂಗಿ ಹಾಡುತ್ತಿದ್ದವು. ಮಧ್ಯಾಹ್ನ ಅದೇ ಗದ್ದಲದಲ್ಲಿ ಮರದ ಕೊರಡಿನಂತೆ ನಿದ್ದೆ ಹೋಗುತ್ತಿದ್ದವು. ಏಳು ವರ್ಷ ಹೀಗೆ ನಡೆದ ಮೇಲೆ ಶೇಠರು ಕರಗಿ, ನದಿ ದಂಡೆಯ ತಮ್ಮ ಖಾಲಿ ಮನೆಯನ್ನು ಶಾಲೆಗೆ ಬಿಟ್ಟುಕೊಟ್ಟರು. ಬೇವಿನ ಮರ, ತಣ್ಣನೆಯ ನೆಲ, ಸುತ್ತ ಒಂದು ಸದ್ದಿಲ್ಲ. ನಾನು ಕೆಲಸಕ್ಕೆ ಸೇರಿದ್ದು ಆ ವಾರ.

ಮೊದಲ ಮಧ್ಯಾಹ್ನ ಚಾಪೆ ಹಾಸಿ ಮಲಗಿಸಿದೆವು. ಮೂವತ್ತು ಮಕ್ಕಳು ಕಣ್ಣು ಬಿಟ್ಟುಕೊಂಡು ಛಾವಣಿ ನೋಡುತ್ತಿದ್ದವು. ರುಕ್ಕೂ ಎಂಬ ನಾಲ್ಕು ವರ್ಷದ ಹುಡುಗಿ ಎದ್ದು ಕುಳಿತಳು.

"ತಾಯಿ, ಯಾರ ಸತ್ತಾರ?"

"ಯಾರೂ ಸತ್ತಿಲ್ಲ, ಮಗಳ."

"ಮತ್ತ ಮಗ್ಗ ಯಾಕ ನಿಂತಾವು?"

ಅವರ ಓಣಿಯಲ್ಲಿ ಯಾರಾದರೂ ತೀರಿಕೊಂಡರಷ್ಟೇ ಹಗಲು ಮಗ್ಗ ನಿಲ್ಲುವುದು. ಒಂದು ಕೂಸು ಅಳತೊಡಗಿತು, ಹಿಂದೆಯೇ ಮೂವತ್ತೂ ಅತ್ತವು. ನಾನು ಪಾತೇಲಿ ಬಡಿದೆ, ಅಕ್ಕೂತಾಯಿ ತಾಟು ಬಡಿದರು. ಒಂದು ತಾಸು ಬಡಿದ ಮೇಲೆ ಮಕ್ಕಳು ಮಲಗಿದವು. ನಮ್ಮ ತೋಳು ಬಿದ್ದುಹೋದವು.

ಮೂರನೆಯ ದಿನ ಅಕ್ಕೂತಾಯಿ ಶೇಠರ ಬಳಿ ಹೋಗಿ, "ಒಂದ ಮಗ್ಗ ಕೊಡ್ರಿ," ಎಂದರು.

"ಸಾಲಿಗಿ ಮಗ್ಗ ಯಾಕ್ರೀ ತಾಯಿ?"

"ಜೋಗುಳಕ್ಕ."

ಶೇಠರು ಎರಡು ಸಲ ಕೇಳಿಸಿಕೊಂಡು ಕೊಟ್ಟರು. ಖಾಲಿ ಓಡಿಸಿದರೆ ಮುರಿಯುತ್ತದೆ, ನೂಲು ಹಾಕಲೇಬೇಕು ಎಂದ, ಮಗ್ಗ ಕೂರಿಸಲು ಬಂದ ಫಿಟ್ಟರ್. ನೂಲು ಹಾಕಿದೆವು. ಮಕ್ಕಳು ಮಲಗಿದಾಗಲೆಲ್ಲ ಪಕ್ಕದ ಕೋಣೆಯಲ್ಲಿ ಪಂಚೆ ತಯಾರಾಗತೊಡಗಿತು. ಮೂಗು ಒರೆಸಿ, ಕೈ ಒರೆಸಿ, ಪರದೆ ಹೊಲಿದರೂ ಉಳಿಯುತ್ತಿತ್ತು.

ಮಾನ್ಯತೆ ಕೊಡಲು ಶಿಕ್ಷಣ ಇಲಾಖೆಯ ಸಾಹೇಬರು ಬಂದದ್ದು ಸರಿಯಾಗಿ ಮಧ್ಯಾಹ್ನ. ಹೊಸ್ತಿಲಲ್ಲೇ ನಿಂತು ಕಿವಿಗೊಟ್ಟರು, ಇದು ಕಾರ್ಖಾನೆ, ನಮಗೆ ಸಂಬಂಧವಿಲ್ಲ ಎಂದು ಬರೆದುಕೊಂಡು ಹೋದರು. ಆ ಪತ್ರ ಕಾರ್ಖಾನೆಗಳ ಇಲಾಖೆಗೆ ಮುಟ್ಟಿತು. ಅಲ್ಲಿಂದ ದೀಕ್ಷಿತ ಎಂಬ ಅಧಿಕಾರಿ ಬಂದರು. ಪುಣೆಯಿಂದ ವರ್ಗವಾಗಿ ಬಂದವರು, ಕಣ್ಣ ಕೆಳಗೆ ಕಪ್ಪು.

"ಎಷ್ಟ ಮಂದಿ ಕಾರ್ಮಿಕರು?"

"ನಾವಿಬ್ರು. ಉಳಿದವರು ಮಕ್ಕಳು, ಸಾಹೇಬ್ರ," ಎಂದರು ಅಕ್ಕೂತಾಯಿ.

"ಎಲ್ಲಾರೂ ಆರು ವರ್ಷದ ಒಳಗಿನವರು. ಮ್ಯಾಲ ಕೆಲಸದ ಹೊತ್ತಿನಾಗ ನಿದ್ದಿ." ಅವರು ಹೇಳಿದ್ದನ್ನು ತಾವೇ ಬರೆದುಕೊಂಡರು.

"ಅವರು ಮಲಕೊಂಡರನ ಮಗ್ಗ ಓಡತೈತ್ರಿ," ಎಂದೆ ನಾನು. ಆಮೇಲೆ ಹೇಳಬಾರದಿತ್ತು ಅನಿಸಿತು.

ಪರೀಕ್ಷೆ ಮಾಡಲೇಬೇಕೆಂದು ಅವರು ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತರು. ಹತ್ತು ನಿಮಿಷಕ್ಕೆ ಗೋಡೆಗೊರಗಿದರು, ಆಮೇಲೆ ಬಾಯಿ ತೆರೆಯಿತು. ನಾಲ್ಕು ಗಂಟೆಗೆ ರುಕ್ಕೂ ಅವರ ಮೂಗು ಹಿಡಿದು ಎಬ್ಬಿಸಿದಳು. ಈ ಊರಿಗೆ ಬಂದು ಎಂಟು ತಿಂಗಳಲ್ಲಿ ಇದೇ ಮೊದಲ ನಿದ್ದೆ ಎಂದರು. ಖಿಚಡಿ ತಿಂದು, 'ಇದು ಶಾಲೆಯೇ ಹೊರತು ಕಾರ್ಖಾನೆಯಲ್ಲ' ಎಂದು ಮೊಹರು ಹಾಕಿ ಕೊಟ್ಟರು. ಅದನ್ನು ನೋಡಿದ ಶಿಕ್ಷಣ ಸಾಹೇಬರು, ಕಾರ್ಖಾನೆಯವರೇ ಹೇಳಿದ ಮೇಲೆ ಶಾಲೆಯೇ ಇರಬೇಕು ಎಂದು ಮಾನ್ಯತೆ ಕೊಟ್ಟರು.

ಆಮೇಲೆ ಶಾಲೆಗೆ ಹೆಸರು ಬಂತು. ನಿದ್ದೆ ಮಾಡದ ಕೂಸಿದ್ದವರೆಲ್ಲ ಅಕ್ಕೂತಾಯಿಯ ಬಾಗಿಲಿಗೆ ಬಂದರು. ನಾಲ್ಕು ಓಣಿಗಳಲ್ಲಿ ನಾಲ್ಕು ಶಾಖೆಗಳಾದವು. ಐದನೆಯದನ್ನು ಬೇಡಿದವರು ದೂರದ ಆಜರೆಯವರು. ಅಲ್ಲಿ ಕಾಡು, ಗೋಡಂಬಿ ತೋಟ, ಹೆಸರಿಗೂ ಒಂದು ಮಗ್ಗವಿಲ್ಲ. ಇಲ್ಲಿ ಮಗ್ಗ ಬೇಡ ಎಂದರು ಅಕ್ಕೂತಾಯಿ.

"ನಿಮ್ಮೂರಾಗ ಮಗ್ಗ, ನಮಗ ಬರೇ ಚಾಪಿ?" ಅಲ್ಲಿನ ತಂದೆಯೊಬ್ಬ ಎದ್ದು ನಿಂತ. "ನಮ್ಮ ಮಕ್ಕಳೇನು ಕಡಿಮಿ ಅದಾವ?"

ಲಾರಿಯಲ್ಲಿ ಮಗ್ಗ ಹೋಯಿತು. ಮೊದಲ ಮಧ್ಯಾಹ್ನ ಅದನ್ನು ಓಡಿಸಿದಾಗ ಆಜರೆಯ ಮಕ್ಕಳು ಕಿವಿ ಮುಚ್ಚಿಕೊಂಡು ಚೀರಿದವು, ಎರಡು ಕೂಸು ಅಂಗಳಕ್ಕೆ ಓಡಿದವು. ಅಕ್ಕೂತಾಯಿ ಮಗ್ಗ ನಿಲ್ಲಿಸಿ ಎಲ್ಲವನ್ನೂ ಕರೆತಂದು ಮಲಗಿಸಿದರು. ಹಕ್ಕಿ ಕೂಗುತ್ತಿತ್ತು. ಮಕ್ಕಳು ಮಲಗಿದವು. ಆದರೆ ಪಾಲಕರು ಗೇಟಿನ ಹೊರಗೆ ಕಿವಿಗೊಟ್ಟು ನಿಂತಿದ್ದರು.

"ತಾಯಿ, ಸಪ್ಪಳ ಬರವಲ್ದಲ್ಲ," ಅಂದ ಅದೇ ತಂದೆ. "ಕಲಿಸಾಕತ್ತೀರೋ ಇಲ್ಲೋ?"

ಅಕ್ಕೂತಾಯಿ ಗೇಟಿಗೆ ಬಂದರು. "ಐದ ಗಂಟೇಕ ಬರ್ರಿ," ಎಂದರು.

ಅಂದಿನಿಂದ ಆಜರೆಯಲ್ಲಿ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಮಗ್ಗ ಓಡುತ್ತದೆ. ಪಾಲಕರು ಅಂಗಳದ ಬೆಂಚುಗಳಲ್ಲಿ ಕುಳಿತು ಅರ್ಧ ತಾಸು ಕೇಳುತ್ತಾರೆ. ಕೆಲವರಿಗೆ ಜೊಂಪು ಹತ್ತುತ್ತದೆ. ಅವರಿಗೆ ಒಂದೊಂದು ಪಂಚೆ ಹೊದಿಸುವುದನ್ನು ಅಕ್ಕೂತಾಯಿ ಅಲ್ಲಿನ ಆಯಾಗೆ ಕಲಿಸಿ ಬಂದರು.