ಇಬ್ಬರು ಮಿಸ್ಸುಗಳ ಟೆಂಟು

ಸುಬ್ರಹ್ಮಣ್ಯಪುರದ ನನ್ನ ಬಾಡಿಗೆ ಮನೆಯ ತಾರಸಿಯ ಮೇಲೆ ನಾವು ಮೊದಲ ಸಲ ಟೆಂಟು ಕಟ್ಟಿದ್ದು ಆಷಾಢದ ಒಂದು ಭಾನುವಾರ ಬೆಳಿಗ್ಗೆ. ನಾವು ಅಂದರೆ ನಾನು, ನನ್ನ ಗೆಳತಿ. ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಭೂಗೋಳ ಕಲಿಸಿದೆ. ಅವಳು ಅಷ್ಟೇ ವರ್ಷ ಅಲ್ಲಿ ಪಿ.ಟಿ. ಮಿಸ್ ಆಗಿದ್ದಳು. ಒಟ್ಟಿಗೆ ಸೇರಿದವರು ಒಟ್ಟಿಗೇ ನಿವೃತ್ತರಾದೆವು. ಟೆಂಟಿನ ಅಭ್ಯಾಸಕ್ಕೆ ಆಷಾಢವೇ ಬೇಕೆಂದವಳು ಅವಳು. "ಗಾಳಿ ಇಲ್ದಿದ್ರೆ ಯಾರು ಬೇಕಾದ್ರೂ ಕಟ್ತಾರೆ ಕಣೇ" ಎಂದಳು.

ತಾರಸಿಯ ಸಿಮೆಂಟಿನಲ್ಲಿ ಗೂಟ ಹೊಡೆಯಲಾಗುವುದಿಲ್ಲ. ಆದ್ದರಿಂದ ಅಕ್ಕಿಚೀಲಗಳಿಗೆ ಇಟ್ಟಿಗೆ ತುಂಬಿ ಟೆಂಟಿನ ನಾಲ್ಕು ಮೂಲೆಗೆ ಕಟ್ಟಿದೆವು. ಎರಡು ಸಲ ಅದು ಹಾರಿಹೋಗಿ ನೀರಿನ ಟ್ಯಾಂಕಿಗೆ ತಗಲಿಹಾಕಿಕೊಂಡಿತು. ಮೂರನೆಯ ಸಲ ನಿಂತಿತು. ಒಳಗೆ ಮಂಡಿ ಮಡಿಸಿ ಕೂತು ಡಬ್ಬಿಯಲ್ಲಿದ್ದ ಚಿತ್ರಾನ್ನ ತಿನ್ನುತ್ತಿದ್ದಾಗ ಕೆಳಗಿನ ಮನೆಯ ಓನರ್ ಆಂಟಿ ಬಟ್ಟೆ ಒಣಹಾಕಲು ಬಂದವರು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ಮೇಡಂ, ಮನೇಲಿ ಏನಾದ್ರೂ ತೊಂದ್ರೆನಾ?" ಎಂದು ಕೇಳಿದರು. ತೊಂದರೆ ಏನಿಲ್ಲ, ದಕ್ಷಿಣ ಆಫ್ರಿಕಾದ ಮರುಭೂಮಿಗೆ ಹೋಗಲು ಕಲಿಯುತ್ತಿದ್ದೇವೆ ಎಂದೆ. ಮಧ್ಯಾಹ್ನದೊಳಗೆ ಅವರು ಬನಶಂಕರಿಯಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿದ್ದರು.

ಈ ಮರುಭೂಮಿಯ ಹಂಬಲ ನನಗೆ ಅಂಟಿದ್ದು ಒಂದು ಸುಳ್ಳಿನಿಂದ. ಎಷ್ಟೋ ವರ್ಷದ ಹಿಂದೆ ಎಂಟನೆಯ ತರಗತಿಯಲ್ಲಿ ಮರುಭೂಮಿಯ ಪಾಠ ಮಾಡುತ್ತಿದ್ದಾಗ, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ನೀವು ನೋಡಿದ್ದೀರಾ ಮಿಸ್ ಎಂದು ಕೇಳಿದಳು. ನೋಡಿದ್ದೇನೆ ಎಂದುಬಿಟ್ಟೆ. ನಾನು ನೋಡಿದ್ದು ಜೈಪುರದ ಅರಮನೆ, ಅದೂ ಬಸ್ಸಿನ ಕಿಟಕಿಯಿಂದ. ಅಂದಿನಿಂದ ಪ್ರತಿ ವರ್ಷ ಆ ಪಾಠ ಬಂದಾಗಲೂ ನನ್ನ ಧ್ವನಿ ತಗ್ಗುತ್ತಿತ್ತು. ಆರೆಂಜ್ ನದಿಯನ್ನು ಬೋರ್ಡಿನ ಮೇಲೆ ನೀಲಿ ಚಾಕ್‌ಪೀಸಿನಲ್ಲಿ ಎಳೆದು, ಎಲ್ಲೋ ದೂರದ ಮಳೆಬೆಟ್ಟದಲ್ಲಿ ಹುಟ್ಟಿ, ಒಂದು ಹನಿ ಮಳೆ ಬೀಳದ ನಾಡನ್ನು ದಾಟಿ ಸಮುದ್ರ ಸೇರುತ್ತದೆ ಎಂದು ಹೇಳಿಕೊಡುತ್ತಿದ್ದೆ. ಹೇಳುವಾಗ ನನಗೇ ನಂಬಿಕೆ ಬರುತ್ತಿರಲಿಲ್ಲ. ಆ ನದಿಯ ದಡದಲ್ಲೇ, ಮರುಭೂಮಿಯ ರಾಷ್ಟ್ರೀಯ ಉದ್ಯಾನವೊಂದರೊಳಗೆ, ಟೆಂಟು ಹಾಕಿಕೊಂಡು ಇರಬಹುದಾದ ಜಾಗವಿದೆ ಎಂದು ಗೆಳತಿಯೇ ಫೋನಿನಲ್ಲಿ ಹುಡುಕಿ ತೋರಿಸಿದಳು.

ತಮ್ಮ ಆ ಸಂಜೆಯೇ ಬಂದ. ನನಗಿಂತ ಆರು ವರ್ಷ ಚಿಕ್ಕವನು. ಅಪ್ಪ ತೀರಿಕೊಂಡ ಮೇಲೆ, ಮದುವೆಯಾಗದ ನನಗೆ ಹಿರಿಯನಾಗಿ ನಿಂತವನು ಅವನೇ. ಸ್ಕೂಲಿನಿಂದ ಮಕ್ಕಳನ್ನು ಹಂಪಿಗೆ ಕರೆದೊಯ್ಯುವಾಗ ಕೂಡ ನಾನು ಅವನನ್ನು ಕೇಳಿಯೇ ಹೋಗುತ್ತಿದ್ದೆ. ಶ್ರಾವಣದಲ್ಲಿ ಮನೆ ಬೀಗ ಹಾಕಿಕೊಂಡು ಯಾರಾದರೂ ಹೋಗುತ್ತಾರೆಯೇ ಎಂದು ಶುರು ಮಾಡಿದ. ನನ್ನ ಮಂಡಿನೋವು, ಬಿಪಿ ಮಾತ್ರೆ, ಹಾವು, ಕಳ್ಳರು ಎಲ್ಲ ಬಂದುಹೋದವು. ಕೊನೆಗೆ ದನಿ ತಗ್ಗಿಸಿ, "ಅವರ ಜೊತೆ ಒಂದೇ ಟೆಂಟಲ್ಲಿ, ಒಂದೇ ಪಾತ್ರೇಲಿ..." ಎಂದು ಅರ್ಧಕ್ಕೆ ನಿಲ್ಲಿಸಿದ.

ಆ ಅರ್ಧ ಮಾತು ನನಗೆ ಪೂರ್ತಿ ಕೇಳಿಸಿತು. ನಮ್ಮದು ಲಿಂಗ ಕಟ್ಟುವ ಮನೆ. ಗೆಳತಿಯದು ಬಿಟಿಎಂ ಲೇಔಟ್ ಏಳುವ ಮೊದಲೇ ಅಲ್ಲಿದ್ದ ಹಳ್ಳಿಯ ಕೇರಿ. ಅವಳ ಅಪ್ಪನ ಕಾಲದಲ್ಲಿ ಮನೆಮಂದಿಯೆಲ್ಲ ಬೌದ್ಧರಾದವರು. ಇಪ್ಪತ್ತೆಂಟು ವರ್ಷ ಸ್ಟಾಫ್‌ರೂಮಿನಲ್ಲಿ ಅವಳ ಡಬ್ಬಿಯ ಮುದ್ದೆ, ಸೊಪ್ಪಿನ ಸಾರು ಉಂಡಿದ್ದೇನೆ. ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ಹೇಳದೇ ಇದ್ದದ್ದಕ್ಕೆ ಆ ಸಂಜೆ ನನ್ನ ಮೇಲೇ ಸಿಟ್ಟು ಬಂತು. ಅವಳ ಡಬ್ಬಿಯ ಊಟ ಉಂಡೇ ಈ ಮೈ ಬೆಳೆದಿದೆ ಎಂದು ತಮ್ಮನಿಗೆ ಹೇಳಿದೆ. ಅವನು ನೆಲ ನೋಡಿದ. ಆಮೇಲೆ ಮಾತನ್ನು ಬೇರೆ ದಾರಿಗೆ ತಿರುಗಿಸಿದ.

"ಅಕ್ಕ, ಅಲ್ಲಿ ಏನಾದ್ರೂ ಆದ್ರೆ ನಾನೇ ತಾನೇ ಬರ್ಬೇಕು?"

"ಬರ್ಬೇಡ" ಎಂದೆ.

ನನ್ನ ಅರವತ್ತೊಂದು ವರ್ಷದ ಬದುಕಿನಲ್ಲಿ ಅವನಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಕಾಫಿ ಕುಡಿಯದೆ ಎದ್ದುಹೋದ. ಬಾಗಿಲು ಹಾಕಿಕೊಂಡು ಬಂದು ಅವನ ಲೋಟದ ಕಾಫಿಯನ್ನು ನಾನೇ ಕುಡಿದೆ.

ಟಿಕೆಟ್ಟು ಮಾಡಿಸಲು ಹೋದಾಗ ಏಜೆಂಟ್ ನಮ್ಮಿಬ್ಬರನ್ನೂ ನೋಡಿ, ಸೀನಿಯರ್ ಸಿಟಿಜನ್ ಗ್ರೂಪ್ ಇದೆ ಮೇಡಂ, ಅಡುಗೆಯವರೂ ಜೊತೆಗೆ ಬರ್ತಾರೆ, ದಿನಾ ಇಡ್ಲಿ ಸಿಗುತ್ತೆ ಎಂದ. ಇಡ್ಲಿ ತಿನ್ನಲು ಬನಶಂಕರಿಗೇ ಹೋಗುತ್ತೇವೆ ಎಂದು ಗೆಳತಿ ಹೇಳಿದಳು. ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಒಣ ಚಪಾತಿ ಕಟ್ಟಿಕೊಂಡೆವು. ಟೆಂಟಿನ ಜೊತೆಗೆ ಖಾಲಿ ಅಕ್ಕಿಚೀಲಗಳನ್ನೂ ಮಡಿಸಿಟ್ಟೆವು. ಅವಳು ತನ್ನ ಸ್ಕೂಲಿನ ಸೀಟಿಯನ್ನು ಕೊರಳಿಗೇ ಹಾಕಿಕೊಂಡು ಬಂದಳು. ವಿಮಾನ ಇಳಿದ ಊರಿನಲ್ಲಿ ಬಾಡಿಗೆಗೆ ಹಿಡಿದದ್ದು ಎತ್ತರದ ಚಕ್ರದ ಒಂದು ಜೀಪು. ಅಲ್ಲೂ ನಮ್ಮಂತೆ ಎಡಗಡೆಯೇ ಓಡಿಸುವುದು. ಬನ್ನೇರುಘಟ್ಟ ರಸ್ತೆಯಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ ಗೆಳತಿಗೆ ಆ ಖಾಲಿ ರಸ್ತೆಯಲ್ಲಿ ನಿದ್ದೆ ಬರುತ್ತಿತ್ತಂತೆ. ನನಗೆ ಮಾತಾಡುತ್ತಲೇ ಇರು ಎಂದಳು.

ಉದ್ಯಾನದ ಆಫೀಸಿನಲ್ಲಿದ್ದ ಹೆಂಗಸು ನಮ್ಮ ಕಾಗದ ನೋಡಿ, ಹಿಂದೆ ಇನ್ನೊಂದು ಗಾಡಿಯಲ್ಲಿ ಗಂಡಸರು ಬರುತ್ತಿದ್ದಾರೆಯೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಯಾರೂ ಇಲ್ಲ ಎಂದೆವು. ಒಂದೊಂದು ಫಾರಂ ಕೊಟ್ಟಳು. ತುರ್ತಿಗೆ ಯಾರಿಗೆ ತಿಳಿಸಬೇಕು ಎಂಬ ಜಾಗದಲ್ಲಿ ಗೆಳತಿ ನನ್ನ ಹೆಸರು ಬರೆದಳು, ನಾನು ಅವಳದು ಬರೆದೆ. ಇಬ್ಬರೂ ಒಟ್ಟಿಗೆ ಹೋಗುವವರು ಒಬ್ಬರಿಗೊಬ್ಬರು ಹೇಗೆ ತಿಳಿಸುತ್ತೀರಿ ಎಂದು ಆ ಹೆಂಗಸು ನಕ್ಕಳು. ನನಗೆ ಬಾಯಿಪಾಠ ಬರುವ ನಂಬರ್ ಒಂದೇ. ಬರಬೇಡ ಎಂದು ಅಷ್ಟು ಜೋರಾಗಿ ಹೇಳಿಬಂದವಳು ತಮ್ಮನ ನಂಬರನ್ನೇ ಬರೆದೆ. ಬರೆದ ಮೇಲೆ ನಾಚಿಕೆಯಾಯಿತು, ಆದರೂ ಹೊಡೆದುಹಾಕಲಿಲ್ಲ.

ಅಲ್ಲಿಂದ ಒಳಗೆ ರಸ್ತೆ ಎನ್ನುವಂಥದ್ದು ಇರಲಿಲ್ಲ. ಕಲ್ಲಿನ ಜಾಡು, ಒಣಗಿದ ಹಳ್ಳಗಳ ಮರಳು. ಬೆಳಿಗ್ಗೆ ಹೊರಟವರು ನದಿ ಮುಟ್ಟುವ ಹೊತ್ತಿಗೆ ಬಿಸಿಲು ವಾಲಿತ್ತು. ಸುತ್ತ ಎಲ್ಲೂ ಒಂದು ಹುಲ್ಲುಕಡ್ಡಿ ಇರಲಿಲ್ಲ. ಸುಟ್ಟ ಇಟ್ಟಿಗೆಯ ಬಣ್ಣದ ಬೆಟ್ಟಗಳು, ಅವುಗಳ ಪದರಗಳೆಲ್ಲ ಬರಿ ಕಣ್ಣಿಗೆ ಎಣಿಸುವಂತಿದ್ದವು. ಒಂದು ತಿರುವು ದಾಟಿದ್ದೇ ಕೆಳಗೆ ನೀರು ಕಾಣಿಸಿತು. ಅಗಲವಾಗಿ, ಹಸಿರಾಗಿ, ಅವಸರವಿಲ್ಲದೆ ಹರಿಯುತ್ತಿತ್ತು. ಆಚೆ ದಡ ನಮೀಬಿಯಾ. ದಡದುದ್ದಕ್ಕೂ ಮುಳ್ಳುಮರಗಳ ಒಂದು ಸಣ್ಣ ಪಟ್ಟಿ, ಅದರ ಹಿಂದೆ ಮತ್ತೆ ಬೋಳು ಬೆಟ್ಟ. ನಾನು ಗಾಡಿ ನಿಲ್ಲಿಸು ಎಂದೆ. ಇಳಿದು ನಿಂತೆ. ಚಾಕ್‌ಪೀಸಿನಲ್ಲಿ ಅಷ್ಟು ಸಲ ಎಳೆದು ಅಳಿಸಿದ ನದಿ. ಬೋರ್ಡಿನ ಮುಂದೆ ನಾನು ಹೇಳಿದ್ದೆಲ್ಲ ನಿಜವಾಗಿತ್ತು, ಸುಳ್ಳಾಗಿದ್ದದ್ದು ನಾನೊಬ್ಬಳೇ ಅನ್ನಿಸಿ ಅಳು ಬಂತು. ಗೆಳತಿ ನೀರಿನ ಬಾಟಲಿ ಕೊಟ್ಟು, ಬೆಳಕಿರುವಾಗಲೇ ಟೆಂಟು ಕಟ್ಟಬೇಕು ಎಂದಷ್ಟೇ ಹೇಳಿದಳು.

ದಡದ ಆ ಬಯಲಿನಲ್ಲಿ ನಮ್ಮ ಜೊತೆ ಇನ್ನೊಂದೇ ಗುಂಪಿತ್ತು. ಮೀನು ಹಿಡಿಯಲು ಬಂದಿದ್ದ ನಾಲ್ಕು ಮಂದಿ ಗಂಡಸರು, ನಮ್ಮ ವಯಸ್ಸಿನವರೇ. ಕೈ ಬೀಸಿದರು, ನಾವೂ ಬೀಸಿದೆವು. ಮರುದಿನ ಸೂರ್ಯ ಹುಟ್ಟುವಾಗ ನಾನು ತಣ್ಣೀರಲ್ಲಿ ಮಿಂದು, ವಿಭೂತಿ ಹಚ್ಚಿಕೊಂಡು, ಮರಳಿನ ಮೇಲೆ ಕೂತು ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದೆ. ಸ್ವಲ್ಪ ದೂರದಲ್ಲಿ ಗೆಳತಿ ಕಣ್ಣು ಮುಚ್ಚಿ ತನ್ನ ಪಾಡಿಗೆ ಧ್ಯಾನಕ್ಕೆ ಕೂತಿದ್ದಳು. ನಾವಿಬ್ಬರೂ ಹೀಗೆ ಜೊತೆಗೆ ಕೂತದ್ದೇ ಇಲ್ಲವಲ್ಲ ಎಂದು ಆಗ ಹೊಳೆಯಿತು. ಅಷ್ಟರಲ್ಲಿ ಮುಳ್ಳುಮರದಿಂದ ಕೋತಿಗಳು ಇಳಿದು ಚಪಾತಿಯ ಡಬ್ಬಿಗೆ ಕೈ ಹಾಕಿದವು. ಅವಳು ಕೂತಲ್ಲಿಂದಲೇ ಸೀಟಿ ಊದಿದಳು. ಕೋತಿಗಳು ಚಪಾತಿಯ ಸಮೇತ ಓಡಿದವು. ಮೀನು ಹಿಡಿಯುವವರು ಎದ್ದು ನಿಂತರು. ಸಂಜೆ ಅವರು ಸುಟ್ಟ ಮೀನು ಕೊಟ್ಟಾಗ ಅವಳು ಬೆರಳು ಚೀಪಿಕೊಂಡು ತಿಂದಳು. ನಾನು ಪಕ್ಕದಲ್ಲೇ ಕೂತು ಹುರಿಹಿಟ್ಟು ಕಲಸಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಗಾಳಿ ಬಂತು. ಮೊದಲು ಆಚೆ ದಡದಲ್ಲಿ ಮೇಯುತ್ತಿದ್ದ ಮೇಕೆಗಳು ಒಂದೇ ಕಡೆ ಮುಖ ಮಾಡಿ ನಿಂತದ್ದು ಕಂಡಿತು. ಆಮೇಲೆ ಕಣಿವೆಯ ತುದಿ ಮಸುಕಾಯಿತು. ಏನೆಂದು ಕೇಳುವಷ್ಟರಲ್ಲಿ ಬಾಯಿ, ಕಣ್ಣು, ಕಿವಿಯೆಲ್ಲ ಮರಳು. ಮರಳಿಗೆ ಹೊಡೆದಿದ್ದ ಗೂಟಗಳು ಬೆಣ್ಣೆಯಿಂದ ಕಿತ್ತಂತೆ ಎದ್ದುಬಂದವು. ಟೆಂಟು ಮಗುಚಿ, ಒಳಗಿನ ಒಂದು ಕೋಲು ಲಟಕ್ಕೆಂದು ಮುರಿಯಿತು. ನಾನು ಅದರ ಮೇಲೆ ಅಡ್ಡ ಬಿದ್ದುಕೊಂಡೆ. ಮಂಡಿಗೆ ಕಲ್ಲು ತಾಗಿ ಜೀವ ಹೋದಂತಾಯಿತು.

ಮೀನಿನ ಗುಂಪಿನ ಹಿರಿಯ ಓಡಿಬಂದ. ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಬಂದವನೇ ನಮ್ಮನ್ನು ಒಂದು ಮಾತೂ ಕೇಳದೆ ಟೆಂಟಿನ ಬಟ್ಟೆ ಸುತ್ತತೊಡಗಿದ. ನಮ್ಮ ಚೀಲಗಳನ್ನು ತನ್ನ ಗಾಡಿಗೆ ಹಾಕಿಸುತ್ತೇನೆಂದೂ, ಆಫೀಸಿನ ಬಳಿ ಗೋಡೆಯಿರುವ ಕೋಣೆಗಳಿವೆ, ಅಲ್ಲಿಗೆ ಬಿಟ್ಟುಬರುತ್ತೇನೆಂದೂ ಹೇಳಿದ. ಈ ಜಾಗ ನಿಮ್ಮಂಥವರಿಗಲ್ಲ ಎಂದ. ಗೆಳತಿ ನನ್ನ ಮುಖ ನೋಡಿದಳು. ಹೋಗೋಣ ಎಂದಿದ್ದರೆ ಅವಳೂ ಹೊರಡುತ್ತಿದ್ದಳು, ನನಗದು ಗೊತ್ತು. ನನಗೂ ಹೋಗಬೇಕೆನ್ನಿಸಿತ್ತು. ಆದರೆ ಅವನು ಆ ಬಟ್ಟೆ ಸುತ್ತುತ್ತಿದ್ದ ರೀತಿ, ನಾವು ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂಥ ಆ ಕೈಯ ಚುರುಕು ನೋಡಿ ನನಗೆ ಸಿಟ್ಟು ಬಂತು. ನನ್ನ ತಮ್ಮ ನನ್ನ ಬ್ಯಾಂಕಿನ ಫಾರಂ ತುಂಬುವುದು ಹೀಗೆಯೇ. ಅಪ್ಪ ನನ್ನ ಕಾಲೇಜು ಆರಿಸಿದ್ದು ಹೀಗೆಯೇ. ಅವರೂ ಒಳ್ಳೆಯವರೇ.

ಎದ್ದು ಹೋಗಿ ಅವನ ಕೈಯಿಂದ ಬಟ್ಟೆ ಬಿಡಿಸಿಕೊಂಡೆ. ಕ್ಲಾಸಿನಲ್ಲಿ ಗಲಾಟೆ ನಿಲ್ಲಿಸುವ ದನಿಯಲ್ಲಿ, ಇದು ನಮ್ಮ ಮನೆ, ನಾವು ಹೋಗುವುದಿಲ್ಲ, ಸಹಾಯ ಮಾಡುವುದಾದರೆ ಆ ತುದಿ ಹಿಡಿದುಕೊಳ್ಳಿ ಎಂದೆ. ಅವನು ತುದಿ ಹಿಡಿದುಕೊಂಡ.

ಆಮೇಲಿನದು ಗೆಳತಿಯ ಕೆಲಸ. ಗಾಳಿಯಲ್ಲಿ ಮಾತು ಕೇಳುತ್ತಿರಲಿಲ್ಲವಾದ್ದರಿಂದ ಸೀಟಿಯಲ್ಲೇ ನಡೆಸಿದಳು: ಒಂದು ಊದಿದರೆ ಎಳೆಯಬೇಕು, ಎರಡು ಊದಿದರೆ ಬಿಡಬೇಕು. ಅಕ್ಕಿಚೀಲಗಳಿಗೆ ನದಿಯ ಕಲ್ಲು ತುಂಬಿ ಮೂಲೆಗಳಿಗೆ ಕಟ್ಟಿದೆವು. ಮುರಿದ ಕೋಲಿಗೆ ನಮ್ಮ ಮರದ ಸೌಟನ್ನು ಆನಿಸಿ, ನನ್ನ ದುಪಟ್ಟಾ ಸೀಳಿ ಬಿಗಿದೆವು. ಟೆಂಟು ಒಂದು ಕಡೆ ವಾಲಿಕೊಂಡೇ ನಿಂತಿತು. ಒಳಗೆ ಹೋಗಿ ಕೂತ ಮೇಲೆ ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಹೆದರಿಕೆಯೋ, ಮಂಡಿಯ ನೋವೋ, ಗೆದ್ದ ಸಂತೋಷವೋ ಹೇಳಲಾರೆ. ಗೆಳತಿ ಮಂಡಿಗೆ ಮುಲಾಮು ಹಚ್ಚುತ್ತಾ, "ಚೆನ್ನಾಗಿ ಬೈದೆ ಕಣೇ. ಇಪ್ಪತ್ತೆಂಟು ವರ್ಷ ಈ ದನಿ ಹೆಡ್‌ಮಿಸ್ ಮುಂದೆ ಎಲ್ಲಿ ಹೋಗಿತ್ತು?" ಎಂದಳು.

ಹೊತ್ತು ಮುಳುಗುವ ಮುಂಚೆ ಗಾಳಿ ಇಳಿಯಿತು. ಮರುದಿನ ಆ ಹಿರಿಯ ಕಾಫಿ ತಂದುಕೊಟ್ಟು, ಕಲ್ಲಿನ ಚೀಲದ ಉಪಾಯ ಯಾರು ಹೇಳಿಕೊಟ್ಟರು ಎಂದು ಕೇಳಿದ. ನಮ್ಮೂರಿನ ಆಷಾಢ ಎಂದೆ. ಅವನಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಇನ್ನೂ ಎರಡು ದಿನ ಇದ್ದೆವು. ನಾನು ಹೆಚ್ಚು ನಡೆಯಲಾಗದೆ ನೀರಿನಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಿದ್ದೆ. ಆ ಕೂತ ಎರಡು ದಿನಗಳೇ ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿವೆ.

ಊರಿಗೆ ಬಂದ ಮೇಲೆ ತಮ್ಮ ಮೂರು ವಾರ ಈ ಕಡೆ ತಲೆ ಹಾಕಲಿಲ್ಲ. ಗೌರಿ ಹಬ್ಬಕ್ಕೆ ಸೀರೆ, ಹಣ್ಣು ಹಿಡಿದು ಬಂದ. ನನ್ನ ಕುಂಟು ನಡಿಗೆ ನೋಡಿ ಏನಾಯಿತೆಂದು ಕೇಳಿದ. ಮೊದಲಾಗಿದ್ದರೆ ಬಾತ್‌ರೂಮಿನಲ್ಲಿ ಜಾರಿದೆ ಎನ್ನುತ್ತಿದ್ದೆ. ಈಗ ಎಲ್ಲ ಹೇಳಿದೆ: ಗಾಳಿ, ಮುರಿದ ಕೋಲು, ನಾನು ಅತ್ತದ್ದು, ಗೆಳತಿ ಮೀನು ತಿಂದ ತಟ್ಟೆಯನ್ನು ಮರಳು ಹಾಕಿ ಉಜ್ಜಿ ತೊಳೆದದ್ದು ನಾನೇ ಎಂಬುದನ್ನೂ ಬಿಡಲಿಲ್ಲ. ಅವನು ಉಪ್ಪಿಟ್ಟಿನ ತಟ್ಟೆ ಕೈಯಲ್ಲಿಟ್ಟುಕೊಂಡು ಕೇಳಿದ. ನಿನ್ನ ಅದೃಷ್ಟ ಚೆನ್ನಾಗಿತ್ತು ಅಷ್ಟೇ ಎಂದ. ಅದು ನಿಜವೇ, ಒಪ್ಪಿಕೊಂಡೆ.

ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ನನ್ನ ಮುಖ ನೋಡದೆ ಹೇಳಿದ: "ಇನ್ಮೇಲೆ ಹಿಂಗೆಲ್ಲಾ ಹೋಗೋ ಮುಂಚೆ ನನ್ನ ಒಂದು ಮಾತು ಕೇಳು ಅಕ್ಕ."

"ಹೇಳ್ತೀನಿ" ಎಂದೆ. "ಕೇಳಲ್ಲ."

ಅವನು ಸರಿ ಎಂಬಂತೆ ಕೈ ಎತ್ತಿ ಮೆಟ್ಟಿಲು ಇಳಿದುಹೋದ. ನಾನು ಒಳಗೆ ಬಂದು ಅವನ ತಟ್ಟೆ ನೋಡಿದೆ. ಉಪ್ಪಿಟ್ಟು ಪೂರ್ತಿ ಖಾಲಿಯಾಗಿತ್ತು.