ಕರಿಕಿವಿಯ ಹೊಟ್ಟೆಯವರು

ಬೇವಿನೆಣ್ಣೆ, ಅರಿಶಿನ, ಬೆವೆತ ಉಣ್ಣೆ. ಮೊನ್ನೆ ಮಧ್ಯಾಹ್ನ ಶಿರಾ ಬಸ್ ನಿಲ್ದಾಣದಲ್ಲಿ ಈ ಮೂರೂ ಸೇರಿದ ವಾಸನೆ ಮೂಗಿಗೆ ಬಡಿಯಿತು. ತಿರುಗಿ ನೋಡಿದರೆ, ಟೀ ಅಂಗಡಿಯ ಕಂಬಕ್ಕೆ ಕಟ್ಟಿದ್ದ ಕಾಳಗದ ಟಗರೊಂದು ಆ ಕಂಬವನ್ನೇ ಗುದ್ದುತ್ತಿತ್ತು. ಪ್ರತಿ ಗುದ್ದಿಗೂ ಅಂಗಡಿಯ ಗಾಜಿನ ಲೋಟಗಳು ನಡುಗುತ್ತಿದ್ದವು. ಟಗರಿನ ಒಡೆಯ ನಗುತ್ತಾ ಬನ್ನು ತಿನ್ನುತ್ತಿದ್ದ. ನಾನು ಹತ್ತಬೇಕಾಗಿದ್ದ ಬಸ್ಸು ಹೊರಟೇಹೋಯಿತು. ನಾವು ಟಗರಿನ ಮಾವ ಎನ್ನುತ್ತಿದ್ದವರು ತೀರಿಕೊಂಡ ಮೇಲೆ ಆ ವಾಸನೆಯ ಹತ್ತಿರ ನಾನು ಸುಳಿದೇ ಇರಲಿಲ್ಲ.

ಮಾವ ಅಂದರೆ ರಕ್ತಸಂಬಂಧವೇನಲ್ಲ. ಹುಲಿಕುಂಟೆ ಕಡೆಯ ನಮ್ಮೂರಿನಲ್ಲಿ ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ಅವರ ರೊಪ್ಪ, ಅಂದರೆ ಕುರಿದೊಡ್ಡಿ, ಇತ್ತು, ಹಾಗಾಗಿ ಮಾವ. ಕೋಪ ಸದಾ ಮೂಗಿನ ತುದಿಯಲ್ಲೇ. ರೊಪ್ಪದ ಬಳಿ ಸುಳಿದ ನಾಯಿಗೆ ಕಲ್ಲು, ಮರಿಗೆ ಏಟು ಕೊಟ್ಟ ಮನುಷ್ಯನಿಗೆ ಕಪಾಳಮೋಕ್ಷ. ಕಾಳಗಕ್ಕೆಂದು ಟಗರು ಸಾಕುವವರು ಸಾಧುಗಳಾಗಿರುತ್ತಾರೆಂದು ಯಾರೂ ನಿರೀಕ್ಷಿಸುವುದೂ ಇಲ್ಲ, ಬಿಡಿ. ತಲೆಗೆ ತಲೆ ಒಡೆದು ರಕ್ತ ಸುರಿಯುವಾಗ ಸಿಳ್ಳೆ ಹಾಕುವ ಆ ಆಟ ನನಗೆ ಯಾವತ್ತೂ ಅಸಹ್ಯವೇ. ಅದನ್ನು ಅವರ ಮುಖಕ್ಕೇ ಹೇಳುತ್ತಿದ್ದೆ, ಅವರು ಬೈಯುತ್ತಿದ್ದರು. ಸಂಜೆ ಅವರೇ ಒಂದು ಚೊಂಬು ಮೇಕೆ ಹಾಲು ತಂದು ನಮ್ಮ ಜಗುಲಿಯ ಮೇಲಿಟ್ಟು ಹೋಗುತ್ತಿದ್ದರು...

ಅಂಥವರಿಗೂ ಒಂದು ಕಟ್ಟುಪಾಡು ಇತ್ತು. ಒಂದೇ ಕುರಿಯ ಹೊಟ್ಟೆಯಲ್ಲಿ ಹುಟ್ಟಿದ ಟಗರುಗಳನ್ನು ಎದುರುಬದುರು ಬಿಡಬಾರದು. ಅವರ ಅಪ್ಪ ಹಟಕ್ಕೆ ಬಿದ್ದು ಒಮ್ಮೆ ಹಾಗೆ ಬಿಟ್ಟಿದ್ದರಂತೆ. ಒಂದರ ಬುರುಡೆ ಬಿರಿಯಿತು. ಗೆದ್ದದ್ದು ಸತ್ತದ್ದರ ಮೈಯನ್ನು ಮೂಸುತ್ತಾ ನಿಂತುಬಿಟ್ಟಿತು, ಆಮೇಲೆ ಮೇವು ಮುಟ್ಟಲಿಲ್ಲ.

“ನಮ್ಮಪ್ಪ ಅಂತಾನೂ ನೋಡ್ನಿಲ್ಲ, ಅವತ್ತು ಒದ್ದುಬುಟ್ಟೆ ಕಣಮ್ಮ,” ಎಂದಿದ್ದರು ಮಾವ.

ಮರಿಗಳು ತಮ್ಮ ರೊಪ್ಪದಲ್ಲೇ ಇರುವತನಕ ಯಾವುದು ಯಾವ ಕುರಿಯದೆಂದು ಅವರಿಗೆ ಗೊತ್ತಿರುತ್ತಿತ್ತು. ಆದರೆ ಕರಿಕಿವಿ ಎಂಬ ಅವರ ಕುರಿಯ ಮರಿಗಳಿಗೆ ಎಲ್ಲೆಡೆ ಹೆಸರು. ಮಧುಗಿರಿ, ಕೊರಟಗೆರೆ, ಪಾವಗಡ ಎಂದು ಮಾರಾಟವಾಗಿ, ಬೆಳೆದು, ಬೇರೆ ಹೆಸರಿಟ್ಟುಕೊಂಡು ಅವು ಕಣಕ್ಕೆ ಬರತೊಡಗಿದ್ದವು. ಕೊಂಡವರೆಲ್ಲ ಮೊಬೈಲಿನಲ್ಲೇ ನೋಡಿ ತಿಳಿಯುವ ಹಾಗೆ ಒಂದು ಪುಟ ಮಾಡಿಕೊಡು ಎಂದು ಮಾವ ಶಿರಾದ ನನ್ನ ಅಂಗಡಿಗೆ ಬಂದು ಕೂತರು. ಶಾಲೆ, ಅಕ್ಕಿ ಗಿರಣಿ, ಕಲ್ಯಾಣ ಮಂಟಪಗಳಿಗೆ ವೆಬ್ ಪುಟ ಮಾಡಿಕೊಡುವುದು ನನ್ನ ಕಸುಬು. ಟಗರಿನ ವಂಶಕ್ಕೆ ಮಾಡಿರಲಿಲ್ಲ.

ಮೊದಲು ನಾನು ಅಪ್ಪಂದಿರ ಲೆಕ್ಕದಲ್ಲಿ ಕಟ್ಟಿದೆ. ಟಗರಿನ ಹೆಸರು, ಪಕ್ಕದಲ್ಲೊಂದು ಪ್ಲಸ್ ಗುರುತು. ಒತ್ತಿದರೆ ಅದರ ಮರಿಗಳ ಹೆಸರುಗಳು ಸ್ವಲ್ಪ ಬಲಕ್ಕೆ ಸರಿದು ಕೆಳಗೆ ಬಿಚ್ಚಿಕೊಳ್ಳುತ್ತವೆ, ಇನ್ನೊಮ್ಮೆ ಒತ್ತಿದರೆ ಮಡಚಿಕೊಳ್ಳುತ್ತವೆ. ಆ ಮರಿಗಳ ಪಕ್ಕದಲ್ಲೂ ಪ್ಲಸ್, ಅವುಗಳ ಕೆಳಗೆ ಅವುಗಳ ಮರಿಗಳು. ನನಗಂತೂ ಚೆಂದವೇ ಕಂಡಿತ್ತು.

“ಇದ್ಯಾವ ಸೀಮೆ ಮರ ಕಣಮ್ಮ? ಹೆತ್ತೋಳೇ ಇಲ್ವಲ್ಲ!”

ಇಂಥ ಮರದಲ್ಲಿ ಒಂದು ಹೆಸರು ಒಂದೇ ಕೊಂಬೆಯಲ್ಲಿರಬೇಕು, ಅಪ್ಪನ ಕೆಳಗೂ ಅಮ್ಮನ ಕೆಳಗೂ ಹಾಕಿದರೆ ಒಂದೇ ಮರಿ ಎರಡು ಮರಿಗಳಂತೆ ಕಾಣುತ್ತದೆ ಎಂದು ವಿವರಿಸಿದೆ. ಮಾವ ಕೀಬೋರ್ಡಿನ ಮೇಲೆ ಗುದ್ದಿದರು. ಎಂಟರ್ ಕೀ ಹಾರಿ ಬಾಗಿಲ ಬಳಿ ಬಿತ್ತು.

“ಅಂಗಾದ್ರೆ ಅಪ್ಪಂದಿರ್ನ ಕಿತ್ತಾಕು! ಒಂದು ಹೊಟ್ಟೇಲಿ ಬಿದ್ದೋವು ಅಕ್ಕಪಕ್ಕ ಕಾಣ್ಬೇಕು ನಂಗೆ.”

ನಾನೂ ಬಾಯಿಗೆ ಬಂದಂತೆ ಬೈದೆ. ಆಮೇಲೆ ಅವರು ಹೇಳಿದ ಹಾಗೇ ಕಟ್ಟಿದೆ. ಕುರಿಯ ಹೆಸರಿನ ಕೆಳಗೆ ಮರಿಗಳು, ಅಪ್ಪನ ಹೆಸರು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ. ಎಲ್ಲವನ್ನೂ ಬಿಚ್ಚಿಟ್ಟರೆ ಪುಟ ಮೊಬೈಲಿನಲ್ಲಿ ಮುಗಿಯುತ್ತಲೇ ಇರಲಿಲ್ಲ, ಅದಕ್ಕೆ ಮೊದಲಿಗೆ ಎಲ್ಲ ಮಡಚಿಟ್ಟು, ಒತ್ತಿದ ಕೊಂಬೆ ಮಾತ್ರ ಬಿಚ್ಚಿಕೊಳ್ಳುವಂತೆ ಮಾಡಿದೆ. ಮಾವನ ದಪ್ಪ ಬೆರಳು ಒಂದನ್ನು ಒತ್ತಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು, ಅವರು ರೇಗುತ್ತಿದ್ದರು, ಅದಕ್ಕೆ ಪ್ಲಸ್ ಗುರುತನ್ನೇ ದೊಡ್ಡದು ಮಾಡಿದೆ. ಹೆಣ್ಣು ಮರಿ ಕೊಂಡವರು ಅದಕ್ಕೆ ಹುಟ್ಟಿದ ಮರಿಗಳನ್ನೂ ಅದರ ಕೆಳಗೆ ಸೇರಿಸಬಹುದಿತ್ತು. ಕರಿಕಿವಿಯ ಮರಿಗಳಿಗೆಲ್ಲ ಮಾವ ಕಿವಿಯಲ್ಲಿ ಒಂದೇ ಬಗೆಯ ಕತ್ತರಿ ಗುರುತು ಹಾಕುತ್ತಿದ್ದರು. ಪ್ರತಿ ಹೆಸರಿನ ಜೊತೆ ಆ ಕಿವಿಯ ಫೋಟೋ. ಕಿವಿ ಹಿಡಿದ ಅವರ ಹೆಬ್ಬೆರಳು ಎಲ್ಲದರಲ್ಲೂ ಇತ್ತು. ತಮ್ಮ ಮುಖದ ಫೋಟೋ ತೆಗೆಯಹೋದರೆ ಮಾತ್ರ ಹೊಡೆಯಲು ಬರುತ್ತಿದ್ದರು.

ಕರಿಕಿವಿ ಸತ್ತಾಗ, ಹೆಸರು ತೆಗೆಯಬೇಕಾ ಎಂದು ಕೇಳಿದರು. ಮೇಲಿನದನ್ನು ತೆಗೆದರೆ ಕೆಳಗಿನವೆಲ್ಲ ಅದರ ಜೊತೆಗೇ ಹೋಗುತ್ತವೆ ಎಂದೆ.

“ಹಂಗಾದ್ರೆ ಮುಟ್ಬ್ಯಾಡ,” ಎಂದು ಎದ್ದು ಹೋದರು.

ಆಮೇಲೆ ಪಾವಗಡದ ಕಡೆ ಒಂದು ಒಣಗಿದ ಕೆರೆಯಂಗಳದಲ್ಲಿ ಕಾಳಗ ನಡೆಯಿತು. ಬಂದವರಿಗೆಲ್ಲ ಪುಟ ತೋರಿಸಬೇಕೆಂದು ಮಾವ ನನ್ನನ್ನೂ ಎಳೆದುಕೊಂಡು ಹೋದರು. ನಾನು ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಕೂತಿದ್ದೆ. ಅವರ ಟಗರು ಸಿಡಿಲು, ಎದುರಿಗೆ ಕಿವಿಗೆ ಕೆಂಪು ಕುಚ್ಚು ಕಟ್ಟಿದ್ದ ಪಾಳೇಗಾರ. ಎರಡೂ ಹಿಂದೆ ಹಿಂದೆ ಸರಿದು, ಓಡಿ ಬಂದು ಡಿಕ್ಕಿ ಹೊಡೆದವು. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಪಾಳೇಗಾರನ ಮೂಗಿನಿಂದ ರಕ್ತ ಸುರಿಯಿತು, ಕುಚ್ಚು ಹರಿದು ಬಿತ್ತು. ಅದರಡಿಯ ಕಿವಿಯಲ್ಲಿ ತಮ್ಮ ಕತ್ತರಿ ಗುರುತು ನೋಡಿದ್ದೇ ಮಾವ ಕಣಕ್ಕೆ ನುಗ್ಗಿ ಹಗ್ಗ ಹಿಡಿಸಿದರು. ಎರಡೂ ಟಗರುಗಳನ್ನು ಆಳುಗಳು ಎರಡು ಬದಿಗೆ ಎಳೆದು ನಿಲ್ಲಿಸಿದರು.

ಮಾವ ಮೊಬೈಲ್ ತೆಗೆದು ಒತ್ತಿದರು. ಕರಿಕಿವಿ ಬಿಚ್ಚಿಕೊಂಡಿತು. ಸಿಡಿಲಿನ ಪಕ್ಕದಲ್ಲೇ ‘ಪುಟ್ಟ’ ಎಂಬ ಹೆಸರು, ಫೋಟೋದಲ್ಲಿ ಪಾಳೇಗಾರನ ಅದೇ ಕಿವಿ, ಹಣೆಯ ಮೇಲೆ ಅದೇ ಬಿಳಿ ಮಚ್ಚೆ. ಅಪ್ಪಂದಿರು ಬೇರೆ ಬೇರೆ. ನನ್ನ ಮೊದಲಿನ ಮರದಲ್ಲಾಗಿದ್ದರೆ ಇವೆರಡೂ ದೂರದ ಎರಡು ಕೊಂಬೆಗಳಲ್ಲಿರುತ್ತಿದ್ದವು.

“ನೋಡ್ರಲಾ, ಒಂದೇ ಹೊಟ್ಟೇವು! ಕಟ್ರಲಾ ಸಾಕು!” ಮೊಬೈಲನ್ನು ಎಲ್ಲರ ಮುಖಕ್ಕೆ ಹಿಡಿದು ಕಣದ ಸುತ್ತ ಓಡಾಡಿದರು. ಜನ ಇಣುಕಿ ನೋಡಿದರು. ನೋಡಿ, ನಕ್ಕರು.

“ಏಮಯ್ಯಾ, ಭಯ ಆಯ್ತಾ ನಿಂಗೆ? ಕುರಿಗ್ಯಾವ ಅಣ್ಣ, ಯಾವ ತಮ್ಮ? ವದಲ್ರಾ!” ಎಂದು ಪಾಳೇಗಾರನ ಒಡೆಯ ತನ್ನ ಆಳಿಗೆ ಕೂಗಿದ. ಬಿಡು, ಬಿಡು ಎಂದು ಇಡೀ ಅಂಗಳವೇ ಅಬ್ಬರಿಸಿತು. ಆಳು ಹಗ್ಗ ಬಿಟ್ಟ. ಮಾವ ತೋಳು ಚಾಚಿ ಪಾಳೇಗಾರನಿಗೆ ಅಡ್ಡ ನಿಂತರು. ಬೆನ್ನ ಹಿಂದೆ ಸಿಡಿಲು ಹಗ್ಗ ಹರಿದುಕೊಂಡಿದ್ದು ಅವರಿಗೆ ಗೊತ್ತಾಗಲಿಲ್ಲ. ನಾನು ಕಿರುಚಿದೆ... ಎದೆಗೆ ಒಂದು, ಬೆನ್ನಿಗೆ ಒಂದು. ಎರಡು ಕೊಂಬುಗಳ ನಡುವೆ ಮೂಳೆ ಮುರಿದ ಸದ್ದು ಟ್ರೈಲರ್‌ವರೆಗೂ ಕೇಳಿಸಿತು. ಬಾಯಿಂದ ರಕ್ತ ಬಂತು, ಮಾತು ಬರಲಿಲ್ಲ. ಮೊಬೈಲ್ ಟಗರುಗಳ ಕಾಲಡಿ ಪುಡಿಯಾಯಿತು. ಅವರ ತಲೆಯನ್ನು ನಾನು ತೊಡೆಯ ಮೇಲಿಟ್ಟುಕೊಂಡು ಕೂತಿರುವಾಗ ಹಿಂದಿನಿಂದ ಒಬ್ಬ, “ಯಾವ್ದು ಗೆದ್ದಿದ್ದು?” ಎಂದು ಕೇಳಿದ. ಚಪ್ಪಲಿ ಕಿತ್ತು ಅವನ ಮುಖಕ್ಕೆ ಎಸೆದೆ. ಆಸ್ಪತ್ರೆಯ ದಾರಿಯಲ್ಲೇ ಮಾವನ ಉಸಿರು ನಿಂತಿತು.

ರೊಪ್ಪ ಖಾಲಿಯಾಯಿತು. ಆ ಪುಟವನ್ನು ಮತ್ತೆ ತೆರೆದು ನೋಡುವ ಧೈರ್ಯ ನನಗೆ ಬರಲಿಲ್ಲ. ಅದರ ಪಾಡಿಗೆ ಅದು ಇತ್ತು.

ಮೊನ್ನೆ ಬಸ್ ನಿಲ್ದಾಣದಲ್ಲಿ ನಾನು ಟಗರಿನ ಕಿವಿ ಎತ್ತಿ ನೋಡಿದೆ. ಅದೇ ಕತ್ತರಿ ಗುರುತು.

“ಕರಿಕಿವಿ ಹೊಟ್ಟೇದು ಕಣಕ್ಕ,” ಎಂದ ಒಡೆಯ, ಹೆಮ್ಮೆಯಿಂದ. “ಸಾಕಿದೋನ್ನೇ ಕೊಂದ ರಕ್ತ. ಅದ್ಕೇ ಇಷ್ಟು ಡಿಮ್ಯಾಂಡು.” ಮೊಬೈಲ್ ತೆಗೆದು ನನಗೇ ನನ್ನ ಪುಟ ತೋರಿಸಿದ. ಆ ದೊಡ್ಡ ಪ್ಲಸ್ ಗುರುತನ್ನು ಒತ್ತಿದ. ಗುರುತೇ ಸಿಗದಷ್ಟು ಬೆಳೆದಿತ್ತು ಮರ.

ಎದುರಿಗೆ ಯಾವುದನ್ನು ಬಿಡುತ್ತೀರಿ ಎಂದು ಕೇಳಿದೆ.

“ಅದೂ ಇದೇ ಹೊಟ್ಟೇದೇ. ಅಣ್ತಮ್ಮಂದ್ರು ಬಿದ್ರೆ ಒಂದು ಸಾಯೋಗಂಟ ಬುಡಾಕಿಲ್ಲ. ಇದ್ರಲ್ಲಿ ನೋಡ್ಕೊಂಡೇ ಜೋಡಿ ಹುಡುಕೋದು ನಾವು.”

ಸೀದಾ ಅಂಗಡಿಗೆ ನಡೆದೆ, ಕಂಪ್ಯೂಟರ್ ಹಾಕಿ ಪುಟ ತೆರೆದು, ಎಲ್ಲಕ್ಕೂ ಮೇಲಿದ್ದ ಹೆಸರನ್ನು ಆರಿಸಿದೆ. ಅಳಿಸಬೇಕೇ ಎಂದು ಅದು ಕೇಳಿತು. ಮಾವನ ಗುದ್ದಿಗೆ ಹಾರಿದ್ದ ಎಂಟರ್ ಕೀಯನ್ನು ಅಂದೇ ಗಮ್ ಹಾಕಿ ಅಂಟಿಸಿದ್ದೆ. ಅದನ್ನು ಒತ್ತಿದೆ. ಕರಿಕಿವಿ ಹೋಯಿತು. ಸಿಡಿಲು, ಪುಟ್ಟ, ಅವುಗಳ ಅಕ್ಕತಂಗಿಯರು, ಆ ಹೆಣ್ಣುಗಳ ಮರಿಗಳು, ಆ ಮರಿಗಳ ಮರಿಗಳು ಎಲ್ಲವೂ ಹೋದವು... ಕಿವಿ ಹಿಡಿದಿದ್ದ ಆ ಹೆಬ್ಬೆರಳೂ ಹೋಯಿತು. ಒಂದನ್ನಾದರೂ ಉಳಿಸಿಕೊಳ್ಳಬೇಕಿತ್ತು ಎಂದು ನನಗೆ ಹೊಳೆದದ್ದು ಪುಟ ಖಾಲಿಯಾದ ಮೇಲೆ. ಮಾವನ ಬೇರೆ ಫೋಟೋ ಯಾರ ಬಳಿಯೂ ಇಲ್ಲ.